ಶಾಖಕವಚದ ತುಂಡು: ಒತ್ತಡ ಅದೇ, ಉತ್ತರ ಮಾತ್ರ ಬೇರೆ

ನಾರುಬೆರಳು: ಮೂರು ದಿನದಿಂದ ತಲೆ ಕೆಟ್ಟಿದೆ. ಪೈಕಾ (ಫೀನಾಲಿಕ್ ರಾಳ ತುಂಬಿದ ಇಂಗಾಲದ ನಾರಿನ ಶಾಖಕವಚ) ತುಂಡಿನ ಪರ್ಮಿಯಬಿಲಿಟಿ, ಅಂದರೆ ಅನಿಲ ಅದರೊಳಗೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ, ಶನಿವಾರ 5.6×10⁻¹¹ ಚದರ ಮೀಟರ್ ಬಂದಿತ್ತು, ಇಂದು 2.2×10⁻¹¹. ಸರಾಸರಿ ಒತ್ತಡ ಎರಡೂ ದಿನ 10 ಕಿಲೋಪ್ಯಾಸ್ಕಲ್. ಏನನ್ನೂ ಬದಲಿಸಿಲ್ಲ.

ಜಾರುಬಂಡೆ: ಇದು ಕ್ಲಿಂಕೆನ್‌ಬರ್ಗ್ ಜಾರಿಕೆ. ಒತ್ತಡ ಕಡಿಮೆಯಾದಾಗ ಅಣುಗಳು ನಾರಿನ ಮೇಲೆ ಜಾರುತ್ತವೆ, ಪರ್ಮಿಯಬಿಲಿಟಿ ಏರಿದಂತೆ ಕಾಣುತ್ತದೆ. ಒತ್ತಡದ ವಿಲೋಮದ ಎದುರು ಗ್ರಾಫ್ ಹಾಕಿ, ಸರಳರೇಖೆ ಬರುತ್ತದೆ.

ಸೋರುಮಡಕೆ: ಜಾರಿಕೆಯೂ ಇಲ್ಲ, ಗೀರಿಕೆಯೂ ಇಲ್ಲ. ಪಕ್ಕದಿಂದ ಅನಿಲ ನುಸುಳುತ್ತಿದೆ. ಅಂಚು ಮುಚ್ಚಲು ಸಿಲಿಕೋನ್ ಬಳಿದಿದ್ದೀರಾ?

ನಾರುಬೆರಳು: ಒ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಬಳೆ) ಇದೆ.

ಸೋರುಮಡಕೆ: ಒರಟು ನಾರಿನ ಮೇಲೆ ಒ-ರಿಂಗ್ ಕೂರುವುದೇ?

ಹಳೆಯ ಗೇಜು: ಸೋರಿದರೆ ಮೌಲ್ಯ ಏರಬೇಕು, ಇವರದು ಇಳಿದಿದೆ. ಒತ್ತಡ ಒಂದೇ ಆದ ಮೇಲೆ ಜಾರಿಕೆಯನ್ನೂ ಬಿಡಿ. ಅನಿಲ ಯಾವುದು?

ಜಾರುಬಂಡೆ: ಗ್ರಾಫ್ ನೋಡದೆ ಬಿಡುವುದು ಹೇಗೆ? ನನ್ನ ಟರ್ಬೊ ನಿರ್ವಾತ ಪಂಪ್‌ನಲ್ಲಿ 1 ಕಿಲೋಪ್ಯಾಸ್ಕಲ್‌ನಲ್ಲಿ ಜಾರಿಕೆ ಕಣ್ಣಿಗೆ ಕಾಣುತ್ತದೆ. ಪಂಪ್ ಕೊಂಡ ಕಥೆ ಇನ್ನೊಮ್ಮೆ ಹೇಳುತ್ತೇನೆ.

ಸೋರುಮಡಕೆ: 1 ಕಿಲೋಪ್ಯಾಸ್ಕಲ್‌ಗೆ ಟರ್ಬೊ ಯಾಕೆ, ಮಾರಾಯರೇ? ರೋಟರಿ ಪಂಪ್ ಸಾಲದೇ?

ನಾರುಬೆರಳು: ಶನಿವಾರ ಸಾರಜನಕ. ಸಿಲಿಂಡರ್ ಖಾಲಿಯಾದ್ದರಿಂದ ಇಂದು ಆರ್ಗಾನ್ ಹಾಕಿದೆ. ಎರಡೂ ನಿಷ್ಕ್ರಿಯ ಅನಿಲಗಳೇ ಅಲ್ಲವೇ?

ಹಳೆಯ ಗೇಜು: ಇದನ್ನು ಮೊದಲೇ ಹೇಳಬಾರದಿತ್ತೇ! ಸಾರಜನಕಕ್ಕೆ ಹೊಂದಿಸಿದ ಥರ್ಮಲ್ ಫ್ಲೋ ಮೀಟರ್‌ನಲ್ಲಿ (ಅನಿಲ ಒಯ್ಯುವ ಶಾಖದಿಂದ ಹರಿವು ಅಳೆಯುವ ಮೀಟರ್) ಆರ್ಗಾನ್ ಹರಿದರೆ ನಿಜವಾದ ಹರಿವು ತೋರಿಸಿದ್ದಕ್ಕಿಂತ ಸುಮಾರು 1.4 ಪಟ್ಟು. ಸ್ನಿಗ್ಧತೆಯೂ ಬೇರೆ: ಕೋಣೆಯ ತಾಪದಲ್ಲಿ ಸಾರಜನಕದ್ದು ಸುಮಾರು 17.6, ಆರ್ಗಾನ್‌ದು 22.3 ಮೈಕ್ರೋಪ್ಯಾಸ್ಕಲ್-ಸೆಕೆಂಡ್. ಎರಡನ್ನೂ ಸರಿಪಡಿಸಿ.

ನಾರುಬೆರಳು: ಲೆಕ್ಕ ಹಾಕಿದೆ, 3.9 ಆಯಿತು. ಇನ್ನೂ 5.6 ಆಗಲಿಲ್ಲ.

ಜಾರುಬಂಡೆ: ನೋಡಿದಿರಾ? ಜಾರಿಕೆ.

ಹಳೆಯ ಗೇಜು: ತುಂಡು ಅದೇನಾ?

ನಾರುಬೆರಳು: ಅದೇ ಬ್ಲಾಕಿನದು. ಶನಿವಾರದ್ದು ಒಡೆಯಿತು, ಇದನ್ನು ಅಡ್ಡಲಾಗಿ ಕತ್ತರಿಸಿದೆ. ಫೀನಾಲಿಕ್ ತುಂಬಿಸಿಲ್ಲ.

ಸೋರುಮಡಕೆ: ಹಾಗಾದರೆ ಅದು ಪೈಕಾ ಅಲ್ಲ, ಬರಿಯ ಇಂಗಾಲದ ನಾರು. 2006ರಲ್ಲಿ ಸೆಕೆಂಡಿಗೆ 12.9 ಕಿಲೋಮೀಟರ್ ವೇಗದಲ್ಲಿ ಧೂಮಕೇತುವಿನ ಧೂಳು ಹೊತ್ತು ಮರಳಿದ ನಾಸಾದ ಸ್ಟಾರ್‌ಡಸ್ಟ್ ಕೋಶಕ್ಕಿದ್ದದ್ದು ಪೈಕಾ.

ಹಳೆಯ ಗೇಜು: ಹೆಸರು ಬಿಡಿ. ಈ ಬ್ಲಾಕ್‌ಗಳಲ್ಲಿ ನಾರುಗಳು ಹೆಚ್ಚಾಗಿ ಒಂದು ಸಮತಲದಲ್ಲಿ ಮಲಗಿರುತ್ತವೆ. ಆ ಸಮತಲದ ಉದ್ದಕ್ಕೆ ಅನಿಲ ಸಲೀಸಾಗಿ ಹರಿಯುತ್ತದೆ, ಅದಕ್ಕೆ ಅಡ್ಡಲಾಗಿ ಹರಿಯುವುದು ಕಷ್ಟ. ಯಾವ ತುಂಡು ಯಾವ ದಿಕ್ಕಿನದು?

ನಾರುಬೆರಳು: ಬ್ಲಾಕಿನ ಮೇಲೆ ಗುರುತು ಹಾಕಿರಲಿಲ್ಲ.

ಸೋರುಮಡಕೆ: ಒ-ರಿಂಗ್ ಬಗ್ಗೆ ನನಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.