ಮೊದಲು ಮೋರಿ ಎಲ್ಲಿಗೆ ಹೋಗುತ್ತದೆ ಅಂತ ಕೇಳು

ಪುಟ್ಟಿ, ಬೆಳಗ್ಗೆ ನೀನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಹೊಸ ಲೇಔಟಿನ ಬ್ರೋಶರ್ ನೋಡಿದೆ. ಬೋಗಾದಿ ದಾಟಿ ಗದ್ದಿಗೆ ರಸ್ತೆ ಕಡೆ, ರಿಂಗ್ ರೋಡ್‌ನಿಂದ ಹತ್ತೇ ನಿಮಿಷ, ಮೂವತ್ತು ನಲವತ್ತರ ಸೈಟು, ಕ್ಲಬ್ ಹೌಸ್ ಬೇರೆ. ಅದರ ಕೆಳಗೆ ನಿಮ್ಮ ದೊಡ್ಡಪ್ಪ "ಮೈಸೂರು ಹಾಳಾಯ್ತು, ಇನ್ನು ಒಂದು ಲೇಔಟೂ ಬೇಡ" ಅಂದರು. ನೀನು ಸುಮ್ನೆ ಇರದೆ "ನಿಮಗೆಲ್ಲ ಮನೆ ಆಗಿದೆ, ಅದಕ್ಕೇ ಬೇರೆಯವರು ಬರುವುದು ಬೇಡ ಅಲ್ವಾ" ಅಂದೆ. ಅಲ್ಲಿಂದ ಎಲ್ಲರೂ ಗಪ್‌ಚುಪ್. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆ ಆಗುತ್ತದೆ, ಮಾತಾಡಿಬಿಡುತ್ತೇನೆ. ಉದ್ದ ಆದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳು.

ನೀನು ಅಂದಿದ್ದರಲ್ಲಿ ಅರ್ಧ ನಿಜ. ಭಾವ, ಬೇಜಾರು ಮಾಡಿಕೊಳ್ಳಬೇಡಿ, ನೀವು ಕುವೆಂಪುನಗರಕ್ಕೆ ಬಂದಾಗ ಅಲ್ಲೂ ಸುತ್ತ ಹೊಲವೇ ಇತ್ತು. ಸರಸ್ವತಿಪುರಂನವರು ಆಗ ನಿಮ್ಮನ್ನೂ ಹೀಗೇ ಬೈದುಕೊಂಡಿರಬಹುದು. ಮಕ್ಕಳಿಗೆ ಮನೆ ಬೇಕು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನವರೂ ಇಲ್ಲಿ ಸೈಟು ನೋಡುತ್ತಿದ್ದಾರೆ, ಬೇಡ ಅನ್ನೋಕೆ ನಾವ್ಯಾರು. ನನ್ನ ತಕರಾರು ಮನೆ ಕಟ್ಟುವುದಕ್ಕಲ್ಲ. ಮೊದಲು ಸೈಟು ಮಾರಿ ದುಡ್ಡು ಎಣಿಸಿಕೊಂಡು, ನೀರು ಮೋರಿ ಎಲ್ಲ ಆಮೇಲೆ ನೋಡೋಣ ಅನ್ನುತ್ತಾರಲ್ಲ, ಅದಕ್ಕೆ.

ಇದೇ ಊರಿನಲ್ಲಿ ಅದನ್ನು ಸರಿಯಾಗಿ ಮಾಡಿ ತೋರಿಸಿದ್ದರು. 1890ರ ದಶಕದ ಕೊನೆಗೆ ಪ್ಲೇಗ್ ಬಂದು ಜನ ಸತ್ತ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಇಕ್ಕಟ್ಟು ಬಿಡಿಸಿ, ಗಾಳಿ ಬೆಳಕು ಬರುವ ಹಾಗೆ ಬೀದಿ ಹಾಕಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಅಂತ ಸಣ್ಣ ಗಲ್ಲಿ ಬಿಟ್ಟು ಹೊಸ ಬಡಾವಣೆ ಮಾಡಿದರು. ಹಳೇ ಮನೆ ಹಿಂದಿನ ಕನ್ಸರ್ವೆನ್ಸಿಯಲ್ಲಿ ನೀನು ಚೆಂಡು ಹುಡುಕುತ್ತಿದ್ದೆಯಲ್ಲ, ಅದು ಸುಮ್ನೆ ಬಿಟ್ಟ ಗಲ್ಲಿಯಲ್ಲ, ಕೊಳೆ ಹೊರಗೆ ಹೋಗಲಿ ಅಂತಲೇ ಬಿಟ್ಟಿದ್ದು. ಆ ಬೋರ್ಡೇ ಮುಂದೆ 1988ರಲ್ಲಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಆಯಿತು, ಈಗ ಎಂಡಿಎ, ಮೈಸೂರು ಅಭಿವೃದ್ಧಿ ಪ್ರಾಧಿಕಾರ. ಹೆಸರು ಎಷ್ಟು ಸಲ ಬದಲಾದರೂ ನಮ್ಮ ಬಾಯಲ್ಲಿ ಮುಡಾನೇ.

ಈಗ ರಿಂಗ್ ರೋಡ್ ಆಚೆ ಏನಾಗಿದೆ ನೋಡು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಎಲ್ಲ ಮೊನ್ನೆ ಮೊನ್ನೆವರೆಗೆ ಗ್ರಾಮ ಪಂಚಾಯಿತಿ, ಆಮೇಲೆ ಪಟ್ಟಣ ಪಂಚಾಯಿತಿ. ಹೂಟಗಳ್ಳಿ ನಗರಸಭೆ ಆಯಿತು. ಹೆಸರಿನ ಬೋರ್ಡು ಬದಲಾಯಿತು, ಪೈಪು ಬದಲಾಗಲಿಲ್ಲ. ಹಳ್ಳಿಗೆ ಅಂತ ಇದ್ದ ಬೋರ್‌ವೆಲ್ಲು, ಓವರ್‌ಹೆಡ್ ಟ್ಯಾಂಕಿನ ಮೇಲೆ ಲೇಔಟ್ ಮೇಲೆ ಲೇಔಟ್ ಬಂದು ಕೂತಿವೆ. ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಪಾಲಿಕೆ ಮಾಡುತ್ತೇವೆ ಅನ್ನುವ ಮಾತೂ ಇದೆ. ಮಾಡಲಿ. ಪಾಲಿಕೆಗೆ ಸೇರಿದ ಮಾತ್ರಕ್ಕೆ ನಲ್ಲಿಯಲ್ಲಿ ಕಾವೇರಿ ಬರುತ್ತದೆ ಅಂತ ಅಂದುಕೊಳ್ಳಬೇಡ. ಕೆಆರ್‌ಎಸ್ ಹಿನ್ನೀರಿನಿಂದ ಹೊರವಲಯಕ್ಕೆ ನೀರು ತರಬೇಕು ಅಂತ ಹಳೇ ಉಂಡುವಾಡಿ ಯೋಜನೆ ಹಾಕಿದ್ದಾರೆ, ಏಜೆಂಟ್ ಅದನ್ನೇ ತೋರಿಸಿ ಸೈಟು ಮಾರುತ್ತಾನೆ. ನೀರು ನಿನ್ನ ಸಂಪಿಗೆ ಬಿದ್ದ ದಿನ ಲೆಕ್ಕಕ್ಕೆ ತಗೋ.

ನಮ್ಮ ಲೇಔಟಿನ ಕತೆಯೇ ಹೇಳುತ್ತೇನೆ. ಕಾಗದ ಎಲ್ಲ ಸರಿ ಇದೆ, ಪ್ಲಾನ್ ಅಪ್ರೂವ್ ಆಗಿದೆ. ಮಾಡಿದವರ ಹೆಸರು ಯಾಕೆ, ಬಿಡು, ಈ ಗುಂಪಿನಲ್ಲಿ ಅವರ ನೆಂಟರೂ ಇದ್ದಾರೇನೋ! ಬೀದಿ ಒಳಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪು ಹಾಕಿದ್ದಾರೆ, ಮ್ಯಾನ್‌ಹೋಲ್ ಮುಚ್ಚಳಕ್ಕೆ ಬಣ್ಣ ಕೂಡ ಬಳಿದಿದ್ದಾರೆ. ಆದರೆ ಆ ಪೈಪು ಮೇನ್ ಲೈನಿಗೆ ಸೇರಲೇ ಇಲ್ಲ. ಕೊನೆ ಸೈಟು ದಾಟಿ ಮಳೆನೀರು ಹೋಗುವ ರಾಜಕಾಲುವೆಗೆ ಬಿಟ್ಟಿದ್ದಾರೆ. ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯಲ್ಲಿ ಕೊಳಚೆ ಶುದ್ಧ ಮಾಡುವ ಘಟಕ ಇವೆ, ಸರಿ, ನಮ್ಮ ಮನೆ ನೀರು ಅಲ್ಲಿಗೆ ನಡೆದುಕೊಂಡು ಹೋಗುತ್ತದಾ? ಕೆಳಗಿನ ಕೆರೆಗೆ ಹೋಗುತ್ತದೆ. ಪಾಲಿಕೆ ಕೇಳಿದರೆ ನಿಮ್ಮದು ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅನ್ನುತ್ತಾರೆ, ಪ್ರಾಧಿಕಾರ ಕೇಳಿದರೆ ಮಾಲೀಕರನ್ನು ಕೇಳಿ ಅನ್ನುತ್ತಾರೆ, ಮಾಲೀಕರು ಇನ್ನೊಂದು ಲೇಔಟ್ ಪೂಜೆಯಲ್ಲಿ ಇರುತ್ತಾರೆ. ಬೇಸಿಗೆಯಲ್ಲಿ ಟ್ಯಾಂಕರ್. ಕಂದಾಯ ಮಾತ್ರ ವರ್ಷ ವರ್ಷ ತಪ್ಪದೆ ಕಟ್ಟುತ್ತೇವೆ.

ಭಾವ ಸಿಟ್ಟು ಮಾಡುವುದು ಟ್ರಾಫಿಕ್ಕಿಗೆ. ಟ್ರಾಫಿಕ್ ಕಣ್ಣಿಗೆ ಕಾಣುತ್ತದೆ, ಸರಿ. ನನಗೆ ಹೆದರಿಕೆ ಕಾಣದ ಈ ಕೊಳಚೆದು. 2024ರ ಮೇ ತಿಂಗಳಲ್ಲಿ ನಮ್ಮದೇ ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ವಾಂತಿಭೇದಿ ಹಿಡಿದು ಮಲಗಿತು, ಒಬ್ಬ ಹುಡುಗ ತೀರಿಕೊಂಡ. ಸುತ್ತಲಿನ ಬಡಾವಣೆಗಳ ಕೊಳಚೆ ಬಂದು ಸೇರುತ್ತಿದೆ ಅಂತ ಆ ಊರಿನವರು ದೂರಿದರು. ನೆನಪಿದೆಯಾ, ಆಗ ಈ ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಮುಗಿಸಿದೆವು. ಸೈಟು ತಗೊಳ್ಳುವವರು ನಾವು, ಕೆಳಗಡೆ ಇರುವುದು ಹಳ್ಳಿ. ಅವರ ಜಮೀನು ಕೊಂಡು, ಅವರ ಬೋರ್ ನೀರು ಎಳೆದು, ಕೊಳಕನ್ನೂ ಅವರ ಕಡೆಗೇ ಬಿಡುವುದು ಎಲ್ಲಿಯ ನ್ಯಾಯ ಹೇಳು.

ಅದಕ್ಕೆ ಲೇಔಟೇ ಬೇಡ ಅನ್ನುವುದು ಕೆಲಸಕ್ಕೆ ಬಾರದ ಮಾತು ಭಾವ. ಅಪ್ರೂವ್ಡ್ ಲೇಔಟ್ ನಿಲ್ಲಿಸಿದರೆ ಜನ ರೆವಿನ್ಯೂ ಸೈಟಿಗೆ, ಅಂದರೆ ಅನುಮೋದನೆ ಇಲ್ಲದೆ ಹೊಲ ತುಂಡು ಮಾಡಿ ಮಾರುವ ಸೈಟಿಗೆ ಹೋಗುತ್ತಾರೆ, ಅಲ್ಲಿ ಪಾರ್ಕೂ ಇಲ್ಲ, ಮೋರಿಯೂ ಇಲ್ಲ. ಕಾನೂನು ಈಗಲೇ ಇದೆ. ಕೆಲಸ ಮುಗಿದ ಹಾಗೆ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡಬೇಕು, ಅಲ್ಲಿಯವರೆಗೆ ಉಳಿದದ್ದು ಪ್ರಾಧಿಕಾರದ ಹಿಡಿತದಲ್ಲಿ ಇರಬೇಕು. ಆ ಕೊನೆ ಹಂತವನ್ನು ಯುಜಿಡಿ ಮೇನ್ ಲೈನಿಗೆ ಸೇರುವ ತನಕ ಬಿಡಬೇಡಿ ಅಂತ ನಾವು ಪಟ್ಟು ಹಿಡಿದರೆ ಸಾಕು. ಕಾಗದದ ಮೇಲೆ ಮುಗಿದದ್ದಲ್ಲ, ನೀರು ಹರಿದು ಹೋಗುವುದನ್ನು ಕಣ್ಣಾರೆ ನೋಡಿ ಬಿಡಲಿ.

ಇನ್ನು ನಿನ್ನ ಸೈಟು ಪುಟ್ಟಿ. ಬ್ರೋಶರಿನಲ್ಲಿ ರೇರಾ ನಂಬರ್, ಅಂದರೆ ಮನೆ ಸೈಟು ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯ ನೋಂದಣಿ ನಂಬರ್ ಹುಡುಕಿದೆ, ನನ್ನ ಕನ್ನಡಕಕ್ಕೆ ಕಾಣಲಿಲ್ಲ. 500 ಚದರ ಮೀಟರ್ ದಾಟಿದ ಅಥವಾ ಎಂಟಕ್ಕಿಂತ ಜಾಸ್ತಿ ಸೈಟಿನ ಲೇಔಟಿಗೆ ನೋಂದಣಿ ಆಗಲೇಬೇಕು, ಆಗದೆ ಜಾಹೀರಾತೇ ಹಾಕುವ ಹಾಗಿಲ್ಲ. ನಂಬರ್ ಕೊಟ್ಟರೆ ರೇರಾ ವೆಬ್‌ಸೈಟಿನಲ್ಲಿ ನೀನೇ ನೋಡು. ಭೂ ಪರಿವರ್ತನೆ ಆದೇಶ ಕೇಳು, ಪ್ರಾಧಿಕಾರದ ಅನುಮೋದಿತ ನಕ್ಷೆ ಕೇಳು, ನಿನ್ನ ಸೈಟು ನಂಬರ್ ಬಿಡುಗಡೆ ಪತ್ರದಲ್ಲಿ ಇದೆಯಾ ಅಂತ ಕೇಳು. "ಬಿ ಖಾತಾ ಇದೆ ಮೇಡಂ, ಗೌರ್ಮೆಂಟೇ ಕೊಟ್ಟಿದೆ" ಅಂದರೆ ಕರಗಬೇಡ. 2025ರಲ್ಲಿ ನಮ್ಮ ಕಡೆ ಅದನ್ನು ಕೊಡೋಕೆ ಶುರು ಮಾಡಿದ್ದು ತೆರಿಗೆ ಲೆಕ್ಕಕ್ಕೆ ತಗೊಳ್ಳುವುದಕ್ಕೆ, ಬಡಾವಣೆ ಸಕ್ರಮ ಆಯಿತು ಅಂತ ಅರ್ಥ ಅಲ್ಲ. ಆಮೇಲೆ ಸೈಟು ತೋರಿಸುವ ಹುಡುಗನನ್ನು ಮೋರಿ ನೀರು ಎಲ್ಲಿಗೆ ಹೋಗುತ್ತದಪ್ಪ ಅಂತ ಕೇಳು. "ಕನೆಕ್ಷನ್ ಬರುತ್ತೆ ಮೇಡಂ" ಅಂದರೆ ಇಲ್ಲ ಅಂತಲೇ ತಿಳಿದುಕೋ.

ಭಾನುವಾರ ಬಾ, ಒಟ್ಟಿಗೆ ಹೋಗೋಣ. ಭಾವ ನೀವೂ ಬನ್ನಿ, ಕಾಗದ ಓದೋಕೆ ನಿಮಗಿಂತ ಗಟ್ಟಿಗರು ನಮ್ಮ ಮನೆಯಲ್ಲಿ ಇನ್ಯಾರಿದ್ದಾರೆ. ಅಲ್ಲಿಯವರೆಗೆ ಟೋಕನ್ ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಹಾಕಬೇಡ ಪುಟ್ಟಿ, ಆಫರ್ ಈ ವಾರಕ್ಕೆ ಮುಗಿಯುತ್ತದೆ ಅಂದರೂ ಸರಿ.