ಅಡಿಕೆ ಸುಲಿಯುವ ರಾತ್ರಿ ಚೌಡಿ ಬಂದ್ರೂ ಯಾರೂ ಹೆದರ್ತಿಲ್ಲ, ಕತೆ ಎಲ್ಲಿ ಕೆಟ್ಟಿದೆ?

ಮೆತ್ತಿನಮನೆ:
ಹೊಸನಗರ ಕಡೆಯ ಒಂಟಿಮನೆ, ಸುಮಾರು 3000 ಪದದ ಕತೆ. ಆಷಾಢದ ಜಡಿಮಳೆ, 11 ಜನ ಅಡಿಕೆ ಸುಲಿತಾ ಕೂತಿದಾರೆ. ನಡುರಾತ್ರಿ ಕರೆಂಟು ಹೋಗುತ್ತೆ. ತೋಟದ ಚೌಡಿ ಬಿಳಿ ಸೀರೆ ಉಟ್ಟು ಬಂದು ಒಬ್ಬನನ್ನ ಎಳ್ಕೊಂಡು ಹೋಗ್ತಾಳೆ. ಓದಿದವರೆಲ್ಲ ‘ಚೆನ್ನಾಗಿದೆ’ ಅಂತಾರೆ, ಹೆದರಿದವರು ಒಬ್ಬರೂ ಇಲ್ಲ.

ಕಂಬಳಿಕೊಪ್ಪೆ:
ಆಷಾಢದಲ್ಲಿ ಯಾರು ಮಾರಾಯ್ರೆ ಅಡಿಕೆ ಸುಲಿಯೋದು? ಆಗ ಕಾಯಿ ಎಳೆದು. ಕೊಯ್ಲು ಶುರುವಾಗೋದೇ ದೀಪಾವಳಿ ಆಸುಪಾಸು. ಮಲೆನಾಡಿನ ಓದುಗ ಎರಡನೇ ಸಾಲಿಗೇ ಕತೆಯಿಂದ ಎದ್ದು ಹೋಗಿರ್ತಾನೆ, ಆಮೇಲೆ ನೀವು ಯಾರನ್ನ ಕರೆಸಿದ್ರೂ ಅಷ್ಟೇ.

ಮಳೆಯೇ ಬೇಕು ಅಂದ್ರೆ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಔಷಧಿ ಹೊಡೆಯೋ ದಿನ ಇಟ್ಕೊಳ್ಳಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ನೋಡೋಕೆ ತೊಳೆದ ಕತ್ತಿ ಅದ್ದಿ ತೆಗೀತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲದು ಅಂತ. ಸುಣ್ಣ ಎಷ್ಟು ಸುರಿದ್ರೂ ಕೆಂಪು ಹೋಗ್ತಿಲ್ಲ ಅನ್ನಿ, ಅಲ್ಲಿಂದ ಶುರು. ಹೊಡೆಯೋನು ಮರದ ತುದಿಯಲ್ಲಿ, ಪೈಪ್ ಹಿಡಿದೋನು ಕೆಳಗೆ. ಮಂಜು ಕವಿದ್ರೆ ಮೇಲಿನವನು ಬರೀ ದನಿ. ಕೆಳಗಿನವನು ‘ಹೋಯ್’ ಅಂತಾನೆ. ‘ಓ’ ಅನ್ನೋದು ಪೈಪ್ ಹೋಗಿರೋ ಮರದಿಂದ ಅಲ್ಲ. ಬಿಳಿ ಸೀರೆ ಬೇಕಾಗಿಲ್ಲ.

ಚೊಗರು:
ನನಗೆ ಸುಲಿಯುವ ರಾತ್ರಿ ಬಿಡೋಕೆ ಮನಸ್ಸಿಲ್ಲ. ಮಳೆ ತೆಗೆದು ಚಳಿ ಹಾಕಿ. ಕೊಯ್ದ ಹಸಿ ಅಡಿಕೆ ಇಟ್ರೆ ಕೆಡುತ್ತೆ, ಅದಕ್ಕೇ ರಾತ್ರಿ ಕೆಲಸ. ಹೊರಗೆ ಏನೇ ಆದ್ರೂ ಎದ್ದು ಹೋಗುವ ಹಾಗಿಲ್ಲ, ಸುಲಿದದ್ದನ್ನ ಬೇಯಿಸೋ ಹಂಡೆಗೆ ಬೆಂಕಿ ಹಾಕಿಯಾಗಿದೆ. ‘ಓಡಿಹೋಗಬಾರದಿತ್ತಾ’ ಅನ್ನೋ ಪ್ರಶ್ನೆಗೆ ಉತ್ತರ ಕೆಲಸದಲ್ಲೇ ಇದೆ.

ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಮೆಟ್ಟುಗತ್ತಿ (ಅಡಿಕೆ ಸುಲಿಯೋ ಕತ್ತಿ) ಮೇಲೆ ಕೂತವರು 11. ಬೆಳಗಿನ ಜಾವ ಅಳೆದು ಬರೆಯುವಾಗ ರಾಶಿ 12. ಉಳಿದ ರಾಶಿಗಳಲ್ಲಿ ಕತ್ತಿ ತಾಗಿದ್ದು, ಸಿಪ್ಪೆ ಅಂಟಿದ್ದು ಸಿಗುತ್ತೆ. 12ನೆಯದರಲ್ಲಿ ಒಂದು ಅಡಿಕೆಗೂ ಗಾಯ ಇಲ್ಲ. ಯಾರೂ ಮಾತಾಡಬಾರದು. ಇನ್ನು, ಹಸಿ ಅಡಿಕೆ ಸುಲಿದ ಬೆರಳು ಕಪ್ಪಾಗುತ್ತಲ್ಲ, ತಿಕ್ಕಿದ್ರೂ ಬೇಗ ಹೋಗಲ್ಲ. ಎರಡು ಪುಟ ಬಿಟ್ಟು, ವರ್ಷದಿಂದ ಹಾಸಿಗೆ ಹಿಡಿದ ಅಜ್ಜಿಗೆ ಸೊಸೆ ಗಂಜಿ ಕುಡಿಸುವಾಗ ಅಜ್ಜಿಯ ಬೆರಳು ಕಪ್ಪಗೆ ಕಾಣಲಿ. ಸೊಸೆ ಸೆರಗು ಎಳೆದು ಮುಚ್ಚಲಿ, ಸಾಕು.

ಬನದಂಚು:
ಚೌಡಿನ ದೆವ್ವ ಮಾಡಿದ್ದೇ ದೊಡ್ಡ ತಪ್ಪು. ಅವಳು ಜಾಗದ ದೇವರು. ಮರದ ಬುಡದಲ್ಲಿ ಕಲ್ಲು, ಕುಂಕುಮ, ವರ್ಷಕ್ಕೊಂದು ಕೋಳಿ. ಊರವರಿಗೆ ಅವಳು ಬಂದ್ರೆ ಭಯಕ್ಕಿಂತ ಹೆಚ್ಚು ‘ಏನು ತಪ್ಪಿದ್ವಿ’ ಅನ್ನೋ ಅಳುಕು. ಈ ವರ್ಷ ಕೋಳಿ ಕೊಟ್ಟಿಲ್ಲ ಅನ್ನೋದು ಮನೆಯ ಒಬ್ಬರಿಗೆ ಮಾತ್ರ ಗೊತ್ತಿರಲಿ. ಮಾತಲ್ಲಿ ಹೆಸರು ಹಿಡಿಸಬೇಡಿ, ‘ಅದು’, ‘ಆ ಕಡೆ’ ಅಂದ್ರೆ ಆಯ್ತು.

ಕರೆಂಟು ಹೋಗೋದಕ್ಕೆ ನಮ್ಮಲ್ಲಿ ಯಾರು ಹೆದರ್ತಾರೆ? ಮೂರು ದಿನ ಇಲ್ಲದ ಕರೆಂಟು ಸರಿಯಾಗಿ ಆ ಗಳಿಗೆಗೆ ಬರಲಿ. ಜೀರುಂಡೆ ಸದ್ದು ಮೊದಲೇ ಕೇಳಿಸಿರಬೇಕು, ಇಲ್ಲಾಂದ್ರೆ ನಿಂತದ್ದು ಗೊತ್ತಾಗಲ್ಲ.

ಮೆತ್ತಿನಮನೆ:
12ನೇ ರಾಶಿ ಇಟ್ಕೊಂಡೆ, ಎಳ್ಕೊಂಡು ಹೋಗೋದು ಹೊಡೆದು ಹಾಕಿದೆ. ಆ ಕೂಲಿ ದುಡ್ಡು ಯಾರ ಕೈಗೆ ಕೊಡಿಸಲಿ?

ಚೊಗರು:
ಕೊಡಿಸಬೇಡಿ. ಯಜಮಾನ್ರು ಪುಸ್ತಕದಲ್ಲಿ ‘ಬಾಕಿ’ ಅಂತ ಬರೀಲಿ. ಮಾರನೇ ರಾತ್ರಿಯೂ ಸುಲಿಯೋಕಿದೆಯಲ್ಲ.