ಬ್ರಿಟನ್ನಿನ ಸಲಿಂಗ ವಿವಾಹ ಕಾಯ್ದೆ: ಪಾದ್ರಿಗಳಿಗೆ ಬಲವಂತ ಇದೆಯೇ?

ಪ್ರಶ್ನೆ: 2013ರ ಕಾಯ್ದೆ ಪ್ರಕಾರ ಇಂಗ್ಲೆಂಡಿನ ಪಾದ್ರಿಗಳು ಸಲಿಂಗ ಜೋಡಿಗಳ ಮದುವೆ ಮಾಡಿಸಲೇಬೇಕಾ? ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕರಾಗಿದ್ದ ಟಿಮ್ ಫ್ಯಾರನ್ ಆ ಹುದ್ದೆಗೆ ರಾಜೀನಾಮೆ ಕೊಟ್ಟಿದ್ದು ಈ ಕಾಯ್ದೆಯನ್ನು ವಿರೋಧಿಸಿದ್ದಕ್ಕಾ?

ಉತ್ತರ 1: ಇಲ್ಲ ಸರ್. ಅಲ್ಲಿನ ಅಧಿಕೃತ ಚರ್ಚ್ ಆದ ಚರ್ಚ್ ಆಫ್ ಇಂಗ್ಲೆಂಡನ್ನು ಕಾಯ್ದೆಯೇ ಹೊರಗಿಟ್ಟಿದೆ. ಉಳಿದ ಪಂಗಡಗಳಲ್ಲಿ ಮೊದಲು ಆಡಳಿತ ಮಂಡಳಿ ಒಪ್ಪಬೇಕು, ಆಮೇಲೆ ಕಟ್ಟಡ ನೋಂದಣಿಯಾಗಬೇಕು. ಅಷ್ಟಾದರೂ ಪಾದ್ರಿ ಒಲ್ಲೆ ಅನ್ನಬಹುದು. ತಾರತಮ್ಯದ ಕೇಸು ನಿಲ್ಲದಂತೆ 2010ರ ಸಮಾನತಾ ಕಾಯ್ದೆಗೂ ತಿದ್ದುಪಡಿ ಮಾಡಿದ್ದಾರೆ.

ಉತ್ತರ 2: ಸರ್ಕಾರಿ ರಿಜಿಸ್ಟ್ರಾರ್‌ಗೆ ಈ ವಿನಾಯಿತಿ ಇಲ್ಲ. ಜನ ಎಡವುವುದು ಇಲ್ಲೇ.

ಉತ್ತರ 3: ಫ್ಯಾರನ್ ವಿಷಯ ಬೇರೆ. ಸಂಸತ್ತಿನಲ್ಲಿ ಮಸೂದೆ 400–175ರಲ್ಲಿ ಗೆದ್ದ ಎರಡನೇ ವಾಚನದಲ್ಲಿ (ಚರ್ಚೆಯ ಎರಡನೇ ಹಂತ) ಅವರ ಮತ ಪರವಾಗಿಯೇ ಇತ್ತು. ಮೂರನೇ ವಾಚನದಲ್ಲಿ ಮತ ಹಾಕಲಿಲ್ಲ. 2017ರ ಚುನಾವಣೆಯಲ್ಲಿ ‘ಸಲಿಂಗಕಾಮ ಪಾಪವೇ?’ ಎಂದು ಪತ್ರಕರ್ತರು ಪಟ್ಟು ಹಿಡಿದಾಗ ನುಣುಚಿಕೊಳ್ಳಲು ಹೋಗಿ ಸಿಕ್ಕಿಬಿದ್ದರು; ರಾಜೀನಾಮೆಗೆ ದಾರಿಯಾಗಿದ್ದು ಅದು. ಮತದಾನದ ದಾಖಲೆ ಬಿಟ್ಟು ಅವರ ಕ್ರೈಸ್ತ ನಂಬಿಕೆಯನ್ನು ಕೆದಕಿದ್ದು ಸೋಮಾರಿ ಪತ್ರಿಕೋದ್ಯಮ ಅಂತ ನನ್ನ ಲೆಕ್ಕ.